ಕಾಕಾನ ಕೂರಿಗೆಗೆ ನಾನು ಬಣ್ಣ ಬಳಿದದ್ದು

ಇವತ್ತು ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ಎದ್ದು ಅಂಗಳದ ಕಸ ಹೊಡೆದು ನೀರು ಚಿಮುಕಿಸಿದೆ. ನಳ ಬಂದಿತ್ತು, ಎರಡು ಬ್ಯಾರಲ್ಲು, ನಾಲ್ಕು ಕೊಡ ತುಂಬಿದೆ. ಹಾಲು ಕಾಸಿದೆ, ಇವತ್ತು ಉಕ್ಕಿಸಲಿಲ್ಲ. ಹನ್ನೆರಡು ಜೋಳದ ರೊಟ್ಟಿ ಬಡಿದು ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಬಿಸಿಲಿಗೆ ಹಾಕಿದ್ದ ಮೆಣಸಿನಕಾಯಿಯ ತೊಟ್ಟು ಮುರಿದೆ, ಎರಡು ಸಲ ಸೀನಿದೆ. ಥಿನ್ನರಿನಲ್ಲಿ ನೆನೆಹಾಕಿದ್ದ ಮೂರು ಬ್ರಷ್ಷು ತೊಳೆದು ಗೋಡೆಗೆ ಒರಗಿಸಿಟ್ಟೆ. ನಮ್ಮನೆಯವರ ಕೆಲಸದ ಅಂಗಿಯ ಮೊಳಕೈಗೆ ತೇಪೆ ಹಾಕಿದೆ. ಮತ್ತೆ, ಬೆಳಗಿನಿಂದ ಮೂರರ ತನಕ ಅಕ್ಕನ ಫೋನಿನ ದಾರಿ ನೋಡಿದೆ. ಇದನ್ನು ಕೆಲಸ ಅನ್ನಬೇಕೋ ಬೇಡವೋ ತಿಳಿಯದು. ಆದರೆ ಉಳಿದದ್ದೆಲ್ಲಕ್ಕಿಂತ ಹೆಚ್ಚು ದಣಿವಾದದ್ದು ಅದರಿಂದಲೇ.

ರೊಟ್ಟಿ ಬಡಿಯುವಾಗ ಹಿಟ್ಟಿನಿಂದ ಬಣ್ಣದ ವಾಸನೆ ಬಂತು. ಹಿಟ್ಟನ್ನು ಮೂಸಿ ನೋಡಿದೆ, ಹಿಟ್ಟಿನದಲ್ಲ. ನನ್ನ ಉಗುರಿನ ಸಂದಿಯಲ್ಲಿ ಕೂತ ಹಸಿರು ಬಣ್ಣದ್ದು. ಹತ್ತು ದಿನದಿಂದ ಕಡ್ಡಿ ಹಾಕಿ ಕೆದರುತ್ತಿದ್ದೇನೆ, ಹೋಗಿಲ್ಲ. ಆ ಬಣ್ಣ ಹಚ್ಚಿದ ಕೂರಿಗೆಯಿಂದಲೇ ಅಕ್ಕ ಬೇವೂರಿನ ಹೊಲಕ್ಕೆ ಹೆಸರುಕಾಳು ಬಿತ್ತಿ ಇವತ್ತಿಗೆ ಆರನೆಯ ದಿನ. ಹದವಾದ ನೆಲಕ್ಕೆ ಬಿದ್ದ ಹೆಸರು ನಾಲ್ಕನೆಯ ದಿನಕ್ಕೆ ಮಣ್ಣು ಸೀಳಿ ಮುಖ ತೋರಿಸುತ್ತದೆ, ತಡವಾದರೆ ಐದು. ಅಕ್ಕ ಫೋನ್ ಮಾಡಿರಲಿಲ್ಲ. ನಾನು ಮಾಡುವುದಕ್ಕೆ ಧೈರ್ಯ ಇರಲಿಲ್ಲ. ಹೆಸರು ಹುಟ್ಟದೆ ಹೋದರೆ ಅದಕ್ಕೆ ಕಾರಣ ಮಳೆಯೂ ಅಲ್ಲ, ಬೀಜವೂ ಅಲ್ಲ, ನಾನು.

ಇದನ್ನು ನಿಮಗೆ ಸರಿಯಾಗಿ ಹೇಳಬೇಕೆಂದರೆ ಮೊದಲು ನಮ್ಮನೆಯವರ ಉದ್ಯೋಗ ಹೇಳಬೇಕು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ವೆಲ್ಡಿಂಗ್ ಅಂಗಡಿ. ಮೊದಲೆಲ್ಲ ಕಿಟಕಿ, ಗೇಟು, ಮುರಿದ ಟ್ರ್ಯಾಲಿ ಇಷ್ಟೇ. ಈಗ ನಾಲ್ಕೈದು ವರ್ಷದಿಂದ ಜನ ತಮ್ಮ ಹಳೆಯ ಟ್ರ್ಯಾಕ್ಟರ್ ಸಾಮಾನುಗಳನ್ನು ಹೊರಗೆ ಎಳೆದು ರಿಪೇರಿಗೆ ತರುತ್ತಿದ್ದಾರೆ. ಹಳೆಯ ಕಬ್ಬಿಣ ದಪ್ಪ, ಹೊಸದು ತೆಳುವು ಎಂಬುದು ಎಲ್ಲರ ನಂಬಿಕೆ. ಮರೋಳದ ಒಬ್ಬರು ಮಣ್ಣು ಮಗುಚುವ ಒಂದು ಪಲ್ಟಿ ನೇಗಿಲು ತಂದಿದ್ದರು. ಬೇವಿನ ಗಿಡದ ಬುಡದಲ್ಲಿ ಬಿದ್ದು ಬಿದ್ದು ಅದರೊಳಗಿಂದ ಒಂದು ಬೇರು ತೂರಿಕೊಂಡು ಹೋಗಿತ್ತು. ಬೇರು ಕಡಿದು ನೇಗಿಲು ತಂದರೋ, ನೇಗಿಲು ಎತ್ತುವಾಗ ಬೇರು ತಾನೇ ಬಂತೋ, ಆ ಬೇರು ಮಾತ್ರ ಅಂಗಡಿಯ ಮೂಲೆಯಲ್ಲಿ ಇನ್ನೂ ಬಿದ್ದಿದೆ. ಬಾದಾಮಿಯ ಒಬ್ಬ ಲಾಡ್ಜಿನವರು ಹಳೆಯ ತಟ್ಟೆ ನೇಗಿಲೊಂದನ್ನು ಕಳಿಸಿ, ಬಂಗಾರದ ಬಣ್ಣ ಹಚ್ಚಿಕೊಡಿ, ಗೇಟಿನ ಮುಂದೆ ನಿಲ್ಲಿಸುತ್ತೇವೆ ಎಂದರು. ಹಚ್ಚಿಕೊಟ್ಟೆವು. ಆಮೇಲೆ ಒಮ್ಮೆ ಬಾದಾಮಿಗೆ ಹೋದಾಗ ನೋಡಿದೆ: ಪ್ರವಾಸಿಗಳು ಅದರ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನೇಗಿಲನ್ನು ನೋಡಿ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಹಚ್ಚಿಕೊಟ್ಟೆವು ಅಂದೆನಲ್ಲ, ಹಚ್ಚುವವಳು ನಾನು. ನಮ್ಮನೆಯವರ ಕೈ ವೆಲ್ಡಿಂಗಿಗೆ ಸೈ, ಬ್ರಷ್ಷಿಗೆ ಬಾರದು. ಅವರು ಬಣ್ಣ ಹಚ್ಚಿದರೆ ಕಬ್ಬಿಣ ಅತ್ತಂತೆ ಕಾಣುತ್ತದೆ. ಒಂದು ಸಲ ಬೇಸತ್ತು ಬ್ರಷ್ ಕಸಿದುಕೊಂಡೆ, ಅಂದಿನಿಂದ ಅದು ನನ್ನ ಕೈಯಲ್ಲೇ ಉಳಿಯಿತು. ಬೋಲ್ಟುಗಳಿಗೆ ಎಣ್ಣೆ ಕುಡಿಸುವುದು, ತಂತಿಯ ಬ್ರಷ್ಷಿನಿಂದ ತುಕ್ಕು ತಿಕ್ಕುವುದು, ಗುಳಿ ಬಿದ್ದಲ್ಲಿ ಪುಟ್ಟಿ ತುಂಬಿ ಪಾಲಿಶ್ ಕಾಗದದಿಂದ ಉಜ್ಜುವುದು, ಆಮೇಲೆ ತುಕ್ಕು ಹಿಡಿಯದಂತೆ ಅಡಿಬಣ್ಣವಾಗಿ ರೆಡ್ ಆಕ್ಸೈಡು, ಆಮೇಲೆ ಬಣ್ಣ. ಇವುಗಳಲ್ಲಿ ನನಗೆ ಪ್ರೀತಿಯ ಕೆಲಸ ಪುಟ್ಟಿಯದು. ಪುಟ್ಟಿ ಹೋಳಿಗೆಯ ಹೂರಣವಿದ್ದಂತೆ, ಗಟ್ಟಿಯಾದರೆ ಬಿರಿಯುತ್ತದೆ, ತೆಳುವಾದರೆ ಇಳಿಯುತ್ತದೆ. ಹದ ಸಿಕ್ಕಿತೋ, ಹತ್ತು ವರ್ಷ ಮಳೆ ತಿಂದ ಕಬ್ಬಿಣವೂ ಮಗುವಿನ ಗಲ್ಲದಂತಾಗುತ್ತದೆ. ನಾನು ತಾಳ್ಮೆಯವಳು ಎಂದು ಓಣಿಯಲ್ಲಿ ಹೆಸರಿದೆ. ಆ ಹೆಸರು ಈ ಸಲ ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಕೇಳಿ.

ಬೇವೂರು ನನ್ನ ತವರು. ಅಪ್ಪ ಬೇಗ ಹೋದ ಮೇಲೆ ಅಕ್ಕನನ್ನೂ ನನ್ನನ್ನೂ ಬೆಳೆಸಿದವನು ಅಪ್ಪನ ತಮ್ಮ, ಯಮನಪ್ಪ ಕಾಕಾ. ಅವನಿಗೆ ಮಕ್ಕಳಿರಲಿಲ್ಲ. ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ಕಾಕಾ ಮಾತ್ರ ಕುರಿ ಮಾರಿ ಕಲಾದಗಿಯ ಕಡೆಯಿಂದ ಒಂದು ಹಳೆಯ ಟ್ರ್ಯಾಕ್ಟರ್ ತಂದ. ಊರವರು, "ಯಮನಪ್ಪ ಕುರಿ ಬಿಟ್ಟು ಕೋಣ ತಂದ" ಅಂದರು. ಅದು ಕೋಣವೇ. ಹಿಂದೆ ಕಟ್ಟಿದ ಸಾಮಾನು ಎತ್ತಿಳಿಸುವ ಅದರ ಹೈಡ್ರಾಲಿಕ್ ಎತ್ತಿದರೆ ಪೂರ್ತಿ ಎತ್ತುತ್ತಿತ್ತು, ಬಿಟ್ಟರೆ ಪೂರ್ತಿ ಕೆಳಗೆ ಬಿಡುತ್ತಿತ್ತು, ನಡುವೆ ನಿಲ್ಲುವ ಬುದ್ಧಿ ಅದಕ್ಕಿರಲಿಲ್ಲ. ಕಾಕಾ ಅದನ್ನು ಬೈಯುತ್ತಿರಲಿಲ್ಲ. "ಒಬ್ಬೊಬ್ರ ಸ್ವಭಾವ ಹಂಗ ಇರತೈತಿ" ಅನ್ನುತ್ತಿದ್ದ.

ಆ ಟ್ರ್ಯಾಕ್ಟರಿಗೆಂದು ಊರ ಕಮ್ಮಾರನ ಹತ್ತಿರ ಕಾಕಾ ಮಾಡಿಸಿದ್ದೇ ಈ ಕೂರಿಗೆ. ಈಗಿನ ಕೂರಿಗೆಗಳಲ್ಲಿ ಹಲ್ಲಿನ ಚಕ್ರ ತಾನೇ ತಿರುಗಿ ಕಾಳು ಉದುರಿಸುತ್ತದೆ. ಇದರಲ್ಲಿ ಹಾಗಿಲ್ಲ. ನೆಲ ಸೀಳುವ ಆರು ಕಬ್ಬಿಣದ ತಾಳು, ಅವುಗಳ ಮೇಲೆ ಎರಡು ಬಟ್ಟಲು, ಒಂದೊಂದು ಬಟ್ಟಲಿನಿಂದ ಮೂರು ಮೂರು ಕೊಳವೆ ಇಳಿದು ತಾಳಿನ ಬುಡಕ್ಕೆ ಹೋಗುತ್ತವೆ. ಹಿಂದೆ ಒಂದು ಹಲಗೆ. ಹಲಗೆಯ ಮೇಲೆ ಇಬ್ಬರು ಕೂತು ಬಟ್ಟಲಿಗೆ ಕೈಯಿಂದ ಕಾಳು ಬಿಡಬೇಕು. ಎಡಗಡೆ ಅಕ್ಕ, ಬಲಗಡೆ ನಾನು. ಅಕ್ಕನ ಕೈ ಗಡಿಯಾರದಂತೆ. ನನ್ನದು ಹಾಗಲ್ಲ. ಆಕಾಶದಲ್ಲಿ ಕೊಕ್ಕರೆ ಹೋದರೆ ನನ್ನ ಕೈ ನಿಲ್ಲುತ್ತಿತ್ತು, ಕೊಕ್ಕರೆ ಮರೆಯಾದ ಮೇಲೆ ಎರಡು ಹಿಡಿ ಒಟ್ಟಿಗೆ ಬೀಳುತ್ತಿತ್ತು. ಬೆಳೆ ಎದ್ದಾಗ ಬಲಗಡೆಯ ಮೂರು ಸಾಲು ಅಲ್ಲಲ್ಲಿ ಬೋಳು, ಅಲ್ಲಲ್ಲಿ ಗುಂಪು. ಕಾಕಾ ಬದುವಿನ ಮೇಲೆ ನಿಂತು, ಶಾಲೆಗೆ ಹೋದ ಮಕ್ಕಳ ಮಾತು ಆಡುವವನಂತೆ ಗಂಭೀರವಾಗಿ ಹೇಳುತ್ತಿದ್ದ: "ಈ ಮೂರು ಸಾಲು ಇವತ್ತು ಸಾಲಿಗಿ ಹೋಗ್ಯಾವು, ಸಂಜೀಕ ಬರ್ತಾವು ಬಿಡು."

ಅಕ್ಕನನ್ನು ಅದೇ ಊರಲ್ಲಿ ಕೊಟ್ಟದ್ದು. ಭಾವ ಕುರಿಯ ಹಿಂಡಿನ ಹಿಂದೆ ವರ್ಷದ ಆರೇಳು ತಿಂಗಳು ಊರೂರು ಸುತ್ತುವವನು. ಕಾಕಾನ ಹೊಲ ಕಾಕಾ ಮತ್ತು ಅಕ್ಕನೇ ಮಾಡುತ್ತಿದ್ದರು. ಅಕ್ಕನಿಗೆ ನಲವತ್ತು ದಾಟಿದ ಮೇಲೆ ಕಾಕಾ ಟ್ರ್ಯಾಕ್ಟರ್ ಓಡಿಸುವುದನ್ನು ಕಲಿಸಿದ. ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡ. ಭಾವ ಕುರಿ ಬಿಟ್ಟು ಬಂದು ಕಾಕಾನ ದಿನಕರ್ಮ ಮಾಡಿ, ಹೋಗುವಾಗ ಅಕ್ಕನಿಗೆ ಹೇಳಿಹೋದ: "ಈ ವರ್ಷ ನೀ ಬಿತ್ತಿ ನೋಡು. ಮೊಳಕಿ ಎದ್ದು ನಾಟಿದ್ರ ನಾಟಿತು. ಇಲ್ಲಂದ್ರ ಹೊಲ ಬ್ಯಾರೇದವರಿಗಿ ಲಾವಣಿಗಿ ಹಾಕಿ ನನ್ನ ಸಂಗಾಟ ಕುರಿ ಹಿಂದ ಬಂದುಬಿಡು. ಒಬ್ಬಾಕಿ ಎಷ್ಟಂತ ಬಡದಾಡ್ತಿ?" ಭಾವ ಕೆಟ್ಟವನಲ್ಲ, ಹೆಂಡತಿಯ ದಣಿವು ನೋಡಿ ಆಡಿದ ಮಾತು. ಆದರೆ ಅಕ್ಕ ಹೊಲ ಬಿಟ್ಟರೆ ಅಕ್ಕನೇ ಅಲ್ಲ. ಬಿತ್ತುವುದಕ್ಕೆ ಇದ್ದದ್ದು ಕಾಕಾ ಹೋದ ವರ್ಷ ಬೂದಿ ಬೆರೆಸಿ ಎತ್ತಿಟ್ಟಿದ್ದ ಹೆಸರು. ಒಂದೇ ಸಲಕ್ಕೆ ಸಾಕಾಗುವಷ್ಟು.

ಬೇಸಿಗೆ ಕೊನೆಗೆ ಅಕ್ಕ ಕೂರಿಗೆಯನ್ನು ಒಂದು ಟೆಂಪೋದಲ್ಲಿ ಹಾಕಿ ನಮ್ಮ ಅಂಗಡಿಗೆ ಕಳಿಸಿದಳು. ಫೋನಿನಲ್ಲಿ ಹೇಳಿದ್ದು ಸ್ಪಷ್ಟವಾಗಿಯೇ ಇತ್ತು. "ಎರಡು ಕೊಳವಿ ಒಡದಾವು, ಒಂದು ಬಟ್ಟಲಾ ತೂತು ಬಿದ್ದೈತಿ. ಅಷ್ಟ ಮಾಡ್ರಿ. ಉಳದಿದ್ದು ಮುಟ್ಟಬ್ಯಾಡ್ರಿ."

ಈಗ ನೀವೇ ಹೇಳಿ. ನಮ್ಮ ಕಡೆ ಊಟಕ್ಕೆ ಕೂತವರು ಬ್ಯಾಡ ಅಂದರೆ ಏನು ಮಾಡುತ್ತಾರೆ? ಇನ್ನೊಂದು ರೊಟ್ಟಿ ಹಾಕುತ್ತಾರೆ. ಅವರು ಎಲೆಗೆ ಅಡ್ಡ ಕೈ ಹಿಡಿದರೆ ಕೈಯ ಸಂದಿಯಿಂದ ಹಾಕುತ್ತಾರೆ. ಬ್ಯಾಡ ಅಂದಾಕ್ಷಣ ಸುಮ್ಮನಾಗುವವರಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಅಕ್ಕ ಮುಟ್ಟಬ್ಯಾಡ್ರಿ ಅಂದದ್ದನ್ನು ನಾನು ಹಾಗೆಯೇ ತಿಳಿದುಕೊಂಡೆ. ತಂಗಿಗೆ ತ್ರಾಸು ಕೊಡಬಾರದೆಂದು ಸಂಕೋಚಪಡುತ್ತಿದ್ದಾಳೆ, ಪಾಪ. ನಮ್ಮನೆಯವರೂ ಹಾಗೇ ಅಂದರು. "ನಿಮ್ಮಕ್ಕ ಭಾಳ ಸಂಕೋಚದಾಕಿ. ಪೂರ್ತಿ ಹೊಸಾದು ಮಾಡಿ ಕೊಟ್ಟಬಿಡೂಣು." ಕಾಕಾನ ಕೂರಿಗೆ, ಅಕ್ಕ ಒಬ್ಬಳೇ ಮಾಡುವ ಮೊದಲ ಬಿತ್ತಿಗೆ. ನನಗೆ ಕಣ್ಣಲ್ಲಿ ನೀರು ಬಂದಿತ್ತು, ಅಷ್ಟು ಒಳ್ಳೆಯ ವಿಚಾರ ಅನಿಸಿತ್ತು.

ನಮ್ಮನೆಯವರು ಆರೂ ತಾಳುಗಳನ್ನು ಬಿಚ್ಚಿ ಒಂದೇ ಡಬ್ಬಿಯಲ್ಲಿ ಎಣ್ಣೆಯಲ್ಲಿ ಮುಳುಗಿಸಿದರು. ನಾನು ಚೌಕಟ್ಟನ್ನು ತಿಕ್ಕುತ್ತ ಕೂತೆ. ಮೇಲೆ ನೀಲಿ ಬಣ್ಣವಿತ್ತು. ನೀಲಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಹಸಿರು. ನನ್ನ ನೆನಪಿನ ಕೂರಿಗೆ ಕೆಂಪು. ಆದರೆ ಆ ಕೆಂಪು ಬಣ್ಣವೋ ಬರೇ ರೆಡ್ ಆಕ್ಸೈಡೋ ಎಂದು ನಮ್ಮನೆಯವರು ತಕರಾರು ತೆಗೆದರು. ಎರಡು ದಿನ ಅದೇ ಮಾತು. ಮೂರನೆಯ ದಿನ ನನ್ನ ನೆನಪಿನ ಕೂರಿಗೆಯೂ ಹಸಿರಾಗತೊಡಗಿತು. ಕಡೆಗೆ, ಎಲ್ಲಕ್ಕಿಂತ ಕೆಳಗಿದ್ದದ್ದೇ ಮೊದಲಿನದು, ಅದೇ ಖರೆ ಬಣ್ಣ ಎಂದು ಹಸಿರೇ ತಂದೆವು.

ಎಣ್ಣೆಯಿಂದ ತೆಗೆದ ತಾಳುಗಳ ಮೇಲ್ಭಾಗದಲ್ಲಿ, ಚೌಕಟ್ಟಿಗೆ ಬಿಗಿಯುವ ಕಡೆ, ಅಡ್ಡಡ್ಡ ಗೀರುಗಳಿದ್ದವು. ಕೆಲವು ಆಳ, ಕೆಲವು ಬರೀ ಉಗುರಿನ ಗುರುತಿನಷ್ಟು. ಸುತ್ತಲೂ ತುಕ್ಕು ತಿಂದ ಗುಳಿಗಳೂ ಇದ್ದವು. ನಮ್ಮನೆಯವರು ಉಬ್ಬಿಕೊಂಡಿದ್ದ ಅಂಚುಗಳ ಮೇಲೆ ಗ್ರೈಂಡರ್ ಆಡಿಸಿದರು. ನಾನು ಉಳಿದದ್ದಕ್ಕೆಲ್ಲ ಪುಟ್ಟಿ ತುಂಬಿದೆ. ಒಂದು ತಾಳಿನ ಮೇಲೆ ಮೂರು ಗೀರು ಒಂದರ ಕೆಳಗೆ ಒಂದು ಒಪ್ಪವಾಗಿ ಕೂತದ್ದು ಕಂಡು ಒಂದು ಗಳಿಗೆ ಕೈ ನಿಂತದ್ದು ನಿಜ. ಇದೇನೋ ಇರಬಹುದಲ್ಲ ಅನಿಸಿತು. ಅಷ್ಟರಲ್ಲಿ ಒಲೆಯ ಮೇಲೆ ಬೇಳೆ ಇಟ್ಟದ್ದು ನೆನಪಾಯಿತು. ಬೇಳೆ ಇಳಿಸಿ ಬಂದು, ಏನೋ ಯೋಚನೆ ಮಾಡುತ್ತಿದ್ದೆನಲ್ಲ ಅಂದುಕೊಳ್ಳುತ್ತ ಅದನ್ನೂ ತುಂಬಿಬಿಟ್ಟೆ. ನಾಲ್ಕು ದಿನದ ಮೇಲೆ ಆರು ತಾಳೂ ಒಂದೇ ತಾಯಿಯ ಮಕ್ಕಳಂತೆ ನುಣ್ಣಗೆ ನಿಂತವು. ಯಾವುದು ಎಲ್ಲಿತ್ತೋ, ಕೈಗೆ ಸಿಕ್ಕ ಹಾಗೆ ಚೌಕಟ್ಟಿಗೆ ಸೇರಿಸಿದೆವು.

ಮುಂಗಾರಿನ ಮಿರಗದ ಮಳೆ ಎರಡು ದಿನ ಚೆನ್ನಾಗಿ ಬಿದ್ದು ನಿಂತಿತು. ಮರುದಿನ ಬೆಳಗ್ಗೆ ಅಕ್ಕ ಟ್ರ್ಯಾಕ್ಟರ್ ಓಡಿಸಿಕೊಂಡು ಅಮೀನಗಡದ ಮೇಲೆ ಹಾದು ನೇರ ಅಂಗಡಿಗೆ ಬಂದಳು. ತಲೆಗೆ ಟವೆಲ್ ಸುತ್ತಿಕೊಂಡಿದ್ದಳು, ಸೆರಗು ಸೊಂಟಕ್ಕೆ ಬಿಗಿದಿದ್ದಳು. ರಸ್ತೆಯ ಜನ ತಿರುಗಿ ನೋಡುತ್ತಿದ್ದರು. ಇಳಿದು ಕೂರಿಗೆಯ ಸುತ್ತ ಒಂದು ಸುತ್ತು ಬಂದಳು.

"ಯಾರದರಿ ಇದು?" ಎಂದು ನಮ್ಮನೆಯವರನ್ನು ಕೇಳಿದಳು.

"ನಿಮ್ಮದ ಅಕ್ಕಾರ."

"ನಮ್ಮದು ನೀಲಿ ಇತ್ತಲ್ರಿ."

"ಅದು ಆಮ್ಯಾಲಿಂದು," ಅಂದೆ ನಾನು. "ಮೊದಲಿಗಿ ಹಸರು ಇತ್ತಕ್ಕ. ನಾನ ಕೆರದು ನೋಡೇನಿ."

ಅಕ್ಕ ಕೂರಿಗೆಯ ಮೇಲೆ ಬಗ್ಗಿದಳು. ಒಂದು ತಾಳಿನ ತಲೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಳು. ಮತ್ತೊಂದರ ಮೇಲೆ ಇಟ್ಟಳು. ದನದ ಮೈಯಲ್ಲಿ ಉಣ್ಣೆಹುಳ ಹುಡುಕುತ್ತಾರಲ್ಲ, ಹಾಗೆ.

"ಕಚ್ಚು ಎಲ್ಲಿ?"

"ಯಾವ ಕಚ್ಚು?"

"ಕಾಕಾ ಹೊಡದಿದ್ದ ಕಚ್ಚು. ತಾಳ ಎಷ್ಟು ಇಳಸಬೇಕಂತ ಗುರುತ. ಆ ಕೋಣ ನಡುವ ನಿಲ್ಲೂದಿಲ್ಲಲ್ಲ, ಬಿತ್ತೂ ಆಳ ಈ ಕಚ್ಚಿನ್ಯಾಗ ಇರತೈತಿ."

"ಅವನ್ನ ತುಂಬೇನಕ್ಕ," ಅಂದೆ. "ಪುಟ್ಟಿ ಹಾಕಿ ತುಂಬೇನಿ. ಭಾಳ ನುಣ್ಣಗ ಕುಂತೈತಿ."

ಅಕ್ಕ ಹಲಗೆಯ ಮೇಲೆ ಕೂತಳು. "ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆ."

"ನೀ ಸುಮ್ನ ಅಂತಿ ಅಂತ ತಿಳಕೊಂಡೆ. ಉಣ್ಣಾಕ ಕುಂತಾಗ ಅಂದಂಗ."

ನಮ್ಮನೆಯವರಿಗೆ ನಗು ಬಂತು, ಅದನ್ನು ಕೆಮ್ಮಿಗೆ ಹಾಕಿ ಅಂಗಡಿಯೊಳಗೆ ಹೋದರು. ಅಕ್ಕ ನಗಲಿಲ್ಲ. ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, "ನೆಲ ಇವತ್ತ, ನಾಳಿ ಅಷ್ಟ ಹದ ಇರತೈತಿ ತಂಗಿ" ಅಂದಳು. ಬೈದಿದ್ದರೆ ಚಲೋ ಇತ್ತು.

ಸ್ಕ್ರೂಡ್ರೈವರ್, ಚಾಕು, ಸುತ್ತಿಗೆ ಹಿಡಿದು ಮೂವರೂ ಪುಟ್ಟಿ ಕೆದರಲು ಕೂತೆವು. ಮೆತ್ತುವಾಗ ನಾಲ್ಕು ದಿನ, ತೆಗೆಯುವಾಗ ಎರಡು ತಾಸು. ತೆಗೆದ ಮೇಲೆ ಗೊಂದಲ ಇನ್ನೂ ದಪ್ಪವಾಯಿತು. ಒಂದು ತಾಳಿಗೆ ಮೂರು ಗೀರು, ಇನ್ನೊಂದಕ್ಕೆ ಐದು, ಮತ್ತೊಂದಕ್ಕೆ ಎರಡೇ. ಎಷ್ಟು ಗೀರು ಗ್ರೈಂಡರಿಗೆ ಹೋದವೋ, ಯಾವುದು ಕಾಕಾ ಕಬ್ಬಿಣ ಉಜ್ಜುವ ಅರದಿಂದ ಹಾಕಿದ ಗೀರು, ಯಾವುದು ತುಕ್ಕಿನ ಗುಳಿ, ಒಂದೂ ತಿಳಿಯದು. ಅದರ ಮೇಲೆ ಚೌಕಟ್ಟು ನಡುವೆ ಸ್ವಲ್ಪ ಬಾಗಿತ್ತು. ನಡುವಿನ ತಾಳಿನ ಗುರುತು ಒಂದು ಕಡೆ, ಅಂಚಿನದು ಇನ್ನೊಂದು ಕಡೆ ಇದ್ದದ್ದು ಅದಕ್ಕೇ ಎಂದು ಅಕ್ಕ ಹೇಳಿದಳು. ನಾವೋ ತಾಳುಗಳನ್ನು ಅದಲುಬದಲು ಮಾಡಿ ಕೂಡಿಸಿದ್ದೆವು.

"ನಿಂಗ ಗೊತ್ತಿರಬೇಕಲ್ಲ, ಯಾವ ಕಚ್ಚು ಯಾತಕ್ಕಂತ," ಅಂದೆ.

"ನಂಗ ಹ್ಯಾಂಗ ಗೊತ್ತು? ಕರೀ ಎರಿ ಹೊಲಕ್ಕೊಂದು, ಕೆಂಪು ಮಸಾರಿಗೊಂದು. ಕಾಕಾ ಮ್ಯಾಲಿಂದ ಎರಡನೇದು ಅಂದ್ರ ಎರಡನೇದಕ್ಕ ಬೋಲ್ಟ್ ಬಿಗೀತಿದ್ದೆ. ಉಳದಿದ್ದು ಯಾಕಂತ ನಾ ಕೇಳಿಲ್ಲ."

ನಮ್ಮನೆಯವರು ತಮ್ಮ ಶಾಸ್ತ್ರ ಹೇಳಿದರು. "ಅಕ್ಕಾರ, ಇವು ಗುರುತ ಅಲ್ರಿ. ಬೋಲ್ಟ್ ಕಚ್ಚಿ ಕಚ್ಚಿ ಬಿದ್ದಾವು. ಹಳೇ ಸಾಮಾನಿನ್ಯಾಗ ಎಲ್ಲಾದರಾಗೂ ಇರ್ತಾವು."

ನನ್ನ ನೆನಪು ಇನ್ನೂ ಬೇರೆ. ಬಿತ್ತಿಗೆ ಮುಗಿದ ಸಂಜೆ ಕಾಕಾ ಕಟ್ಟೆಯ ಮೇಲೆ ಕೂತು, ಅರ ಹಿಡಿದು, ಬೀರಪ್ಪನ ಹೆಸರು ಹೇಳಿ ಒಂದು ಗೀರು ಹಾಕುತ್ತಿದ್ದ. ವರ್ಷಕ್ಕೊಂದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಹೇಳಿದೆ. ಹೇಳುತ್ತ ಹೇಳುತ್ತ ಸಂಶಯ ಬಂತು. ಅವನು ಗೀರು ಹಾಕುತ್ತಿದ್ದದ್ದು ಕೂರಿಗೆಗೋ, ತನ್ನ ಕುರಿ ಕಾಯುವ ಕೋಲಿಗೋ? ಕೋಲಿಗೆ ಅರ ಯಾಕೆ ಬೇಕು? ಆದರೆ ನನ್ನ ಕಣ್ಣ ಮುಂದೆ ಬರುವುದು ಕೋಲೇ. ಅಕ್ಕನೂ ನಮ್ಮನೆಯವರೂ ನನ್ನ ಮುಖ ನೋಡಿದರು. ನಾನು ಪುಟ್ಟಿಯ ಪುಡಿ ಗುಡಿಸತೊಡಗಿದೆ.

ಮಧ್ಯಾಹ್ನಕ್ಕೆ ನಾವಿಬ್ಬರೂ ಅಕ್ಕನ ಸಂಗಡವೇ ಬೇವೂರಿಗೆ ಹೊರಟೆವು. ಅಕ್ಕನೇ ಟ್ರ್ಯಾಕ್ಟರ್ ಓಡಿಸಬೇಕಾದ್ದರಿಂದ ಬಟ್ಟಲಿಗೆ ಕಾಳು ಬಿಡಲು ಎರಡು ಕೈ ಬೇಕಿದ್ದವು. ಹೊಲದಲ್ಲಿ ಮೊದಲು ಪೂಜೆ. ಕೂರಿಗೆಯೇ ಲಕ್ಷ್ಮಿಯೆಂದು ಅದಕ್ಕೆ ಸೀರೆ ಉಡಿಸಿ, ಉಡಿ ತುಂಬಿ, ಆಮೇಲೆ ಬಿತ್ತುವುದು ನಮ್ಮ ಪದ್ಧತಿ. ಅಕ್ಕ ನಮ್ಮವ್ವನ ಇಳಕಲ್ ಸೀರೆ ತಂದದ್ದನ್ನು ಕಂಡು ನಾನು, "ಅಕ್ಕ, ಬಣ್ಣ ಇನ್ನೂ ಪೂರ್ತಿ ಆರಿಲ್ಲ" ಅಂದೆ. ಅಕ್ಕ ಸೀರೆಯನ್ನೂ ನನ್ನನ್ನೂ ನೋಡಿದಳು. ಕೂರಿಗೆಗೆ ಮೊದಲು ಹಳೆಯ ಪೇಪರು ಸುತ್ತಿ, ಅದರ ಮೇಲೆ ಸೀರೆ ಉಡಿಸಿದೆವು. ಸೆರಗಿನ ಕೆಳಗಿಂದ ಯಾವುದೋ ಜಾಹೀರಾತಿನ ಮೊಬೈಲು ಇಣುಕುತ್ತಿತ್ತು. ಇಷ್ಟು ಗೊಂದಲದ ಲಕ್ಷ್ಮಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಇನ್ನು ಆಳದ ಮಾತು. ಗುರುತು ಇಲ್ಲದಿದ್ದರೆ ಏನಾಯಿತು, ಕಾಕಾ ಬಿತ್ತುವ ಮೊದಲು ನೆಲಕ್ಕೆ ಬೊಟ್ಟು ಊರಿ ನೋಡುತ್ತಿದ್ದ, ಎರಡು ಗೆಣ್ಣು ಮುಳುಗಿದಲ್ಲಿ ತಂಪು ಸಿಗಬೇಕು ಅನ್ನುತ್ತಿದ್ದ. ಇದು ಮಾತ್ರ ನಮ್ಮಿಬ್ಬರಿಗೂ ಒಂದೇ ರೀತಿ ನೆನಪಿತ್ತು. ಆದರೆ ಕಾಕಾನ ಬೊಟ್ಟು ಎಷ್ಟುದ್ದ? ನಮ್ಮನೆಯವರು ತಮ್ಮ ಬೆರಳು ಚಾಚಿ, "ಗಂಡಸರ ಬೊಟ್ಟು ಅಂದ್ರ ಹಿಂಗ" ಅಂದರು. ಅವರದು ಗಿಡ್ಡ, ದಪ್ಪ. ಕಾಕಾನದು ಉದ್ದವಿತ್ತು ಅಂತ ನಾನು. ಉದ್ದವಿತ್ತು ಖರೆ, ಆದರೆ ತುದಿ ಬಾಗಿತ್ತು ಅಂತ ಅಕ್ಕ. ಮೂವರೂ ಹೊಲದ ನಡುವೆ ಬೆರಳು ಚಾಚಿಕೊಂಡು ನಿಂತಿದ್ದೆವು. ಕಡೆಗೆ ಅಕ್ಕ ಕೂತು ತನ್ನ ಬೊಟ್ಟನ್ನೇ ಮಣ್ಣಿಗೆ ಊರಿದಳು. "ನನ್ನ ಹೊಲ, ನನ್ನ ಬೊಟ್ಟು. ಬಿಗೀರಿ ಬೋಲ್ಟ್." ಆ ಎರಡು ಗೆಣ್ಣಿನ ಅಳತೆಗೆ ಆರೂ ತಾಳು ಇಳಿಸಿ ಮಸಾರಿ ಬಿತ್ತಿದೆವು, ಮರುದಿನ ಅದೇ ಅಳತೆಗೆ ಎರಿ. ಎಡಗಡೆ ನಮ್ಮನೆಯವರು, ಬಲಗಡೆ ನಾನು. ಕೊಕ್ಕರೆ ಬಂದವೋ ಇಲ್ಲವೋ ನೋಡಲಿಲ್ಲ. ಕಾಳು, ಬಟ್ಟಲು, ನನ್ನ ಕೈ, ಇಷ್ಟೇ ನೋಡಿದೆ. ನಮ್ಮನೆಯವರು ಮಾತ್ರ ಒಂದು ಸಾಲಿನ ಕೊನೆಯಲ್ಲಿ, "ಇದು ವೆಲ್ಡಿಂಗ್‌ಕಿಂತ ತ್ರಾಸ ಐತಿ" ಅಂದರು. ಬಿತ್ತಿಗೆ ಮುಗಿದ ರಾತ್ರಿ ಎರಿ ಹೊಲದ ಕಡೆ ಒಂದು ಜೋರು ಮಳೆ ಬಿತ್ತು. ಮಸಾರಿಯ ಕಡೆ ಬಿತ್ತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಮುಂಜಾನೆ ಬಸ್ಸು ಹಿಡಿದು ಹುನಗುಂದಕ್ಕೆ ಬಂದೆವು.

ಆ ಮೇಲಿನದು ಫೋನಿನ ದಾರಿ ನೋಡಿದ ಕಥೆ, ಅದನ್ನು ಹೇಳಿದ್ದೇನೆ. ಇವತ್ತು ಮೂರು ಗಂಟೆಗೆ ನಮ್ಮನೆಯವರು ಊಟಕ್ಕೆ ಬಂದರು. ನಾನು ಬಡಿಸಿ, ಸುಮ್ಮನೆ ಎದುರು ಕೂತೆ. "ಗಾಡಿ ತಗೀಲೇನು?" ಅಂದರು. ಕೈ ತೊಳೆದುಕೊಂಡು ಬೈಕಿನ ಮೇಲೆ ಬೇವೂರಿಗೆ ಹೊರಟೆವು.

ಮಸಾರಿ ಹೊಲ ರಸ್ತೆಯ ಬದಿಗೇ ಇದೆ. ಮೊದಲು ಏನೂ ಕಾಣಲಿಲ್ಲ, ಬರೀ ಕೆಂಪು ನೆಲ. ನಮ್ಮನೆಯವರು, "ಇತ್ಲಾಗ ಬಂದು ನೋಡು" ಅಂದರು. ಸಾಲಿನ ತುದಿಯಲ್ಲಿ ನಿಂತು ಉದ್ದಕ್ಕೆ ನೋಡಿದಾಗ ಕಂಡಿತು, ಇಳಿಬಿಸಿಲಿನಲ್ಲಿ ದಾರ ಎಳೆದಂತೆ ಹಸಿರು. ಆರು, ಮತ್ತೆ ಆರು, ಮತ್ತೆ ಆರು. ನಾನು ಬಗ್ಗಿ ಒಂದು ಸಸಿಯ ಎರಡೆಲೆ ಮುಟ್ಟಿದೆ. ಹಾಗಾದರೆ ಅಕ್ಕ ಯಾಕೆ ಫೋನ್ ಮಾಡಲಿಲ್ಲ?

ಅಕ್ಕ ಎರಿ ಹೊಲದಲ್ಲಿದ್ದಳು. ಕುಡಗೋಲಿನ ತುದಿಯಿಂದ ನೆಲ ಕೆದರುತ್ತ ಕುಕ್ಕರಗಾಲಲ್ಲಿ ಕೂತಿದ್ದಳು. ಅಲ್ಲಿ ಒಂದು ಎಲೆಯೂ ಇರಲಿಲ್ಲ. ಕಪ್ಪು ನೆಲ ಮೇಲೆ ತೆಳ್ಳಗೆ ಹೆಪ್ಪುಗಟ್ಟಿತ್ತು.

"ಮಸಾರಿ ನಾಟೈತಿ, ಎರಿ ನಾಟಿಲ್ಲ," ಅಂದಳು ತಲೆಯೆತ್ತದೆ. "ಏನಂತ ಫೋನ್ ಮಾಡ್ಲಿ?"

ಅವಳ ಬಳಿ ಕೂತೆ. ಮೊದಲು ಕೆದರಿದಲ್ಲಿ ಕಾಳೇ ಸಿಗಲಿಲ್ಲ. ಎರಡನೆಯ ಕಡೆ ಸಿಕ್ಕದ್ದು ಉಬ್ಬಿ ಸಿಪ್ಪೆ ಬಿಟ್ಟಿತ್ತು, ಬಿಳಿಯ ಬೇರು ಕೆಳಗೆ ಇಳಿದಿತ್ತು. ಮೂರನೆಯದು ಕತ್ತು ಬಾಗಿಸಿಕೊಂಡು ಹೆಪ್ಪಿನ ಕೆಳಗೆ, ಮೇಲೆ ಬರಲು ಅರ್ಧ ಗೆಣ್ಣಿನಷ್ಟು ಉಳಿದಿರುವಾಗ ನಿಂತಿತ್ತು. ಅಕ್ಕ ಅದರ ಮೇಲೆ ಮೆಲ್ಲಗೆ ಮಣ್ಣು ಉದುರಿಸಿದಳು.

"ಬರ್ತಾವು. ಇನ್ನ ಒಂದೆರಡು ದಿನ. ನಾಳಿ ಮ್ಯಾಲ ಹಗೂರಕ ಮುಳ್ಳಕಂಟಿ ಎಳದು ಹೆಪ್ಪ ಒಡದ್ರ ಬರ್ತಾವು. ಎರಿಗಿ ಆಳ ಆಗೇತಿ."

"ಹಂಗಾದ್ರ ಕಚ್ಚು ಹೊಲಕ್ಕೊಂದ ಅಂದಿದ್ದು ನಿಂದ ಖರೆ," ಅಂದೆ.

"ಇರಬೇಕು. ಇಲ್ಲಾಂದ್ರ ಆ ಮಳಿ ಈ ಹೊಲಕ್ಕಷ್ಟ ಬಿದ್ದಿರಬೇಕು."

"ಮತ್ತ ಒಂದಕ್ಕ ಐದು ಕಚ್ಚು ಯಾಕಿದ್ದುವು?"

"ನಂಗೇನ ಕೇಳ್ತಿ, ತುಂಬಿದಾಕಿ ನೀ."

ನಮ್ಮನೆಯವರು ಈ ಸಲ ಕೆಮ್ಮಲಿಲ್ಲ, ನಕ್ಕೇಬಿಟ್ಟರು. ಅಕ್ಕನೂ ನಕ್ಕಳು, ಕುಡಗೋಲು ಮಣ್ಣಿಗೆ ಚುಚ್ಚಿ ಎದ್ದು ನಿಂತಳು.

ಅಕ್ಕನ ಮನೆಗೆ ಬಂದಾಗ ಕೂರಿಗೆ ಅಂಗಳದಲ್ಲಿತ್ತು, ತಾಳುಗಳ ಬೋಲ್ಟ್ ಇನ್ನೂ ಬಿತ್ತಿದ ದಿನದ ಅಳತೆಗೇ ಇದ್ದವು. ಅಕ್ಕ ಒಳಗಿನಿಂದ ಕಬ್ಬಿಣ ಕೊಯ್ಯುವ ಬ್ಲೇಡು ತಂದು ನನ್ನ ಕೈಗೆ ಕೊಟ್ಟಳು. "ಮಸಾರಿ ಗುರುತ ಹಾಕು. ಮುಚ್ಚಿದಾಕಿನ ಹೊಡೀಬೇಕು." ನಾಲ್ಕು ದಿನ ಕೂತು ನುಣ್ಣಗೆ ಮಾಡಿದ ಬಣ್ಣದಲ್ಲಿ ಕೆದರದೆ ಉಳಿದದ್ದರ ಮೇಲೆ ಬ್ಲೇಡು ಇಡಲು ನನ್ನ ಕೈ ಬರಲಿಲ್ಲ. ಆಮೇಲೆ ಇಟ್ಟೆ. ಹಸಿರು ಪುಡಿ ಬಿತ್ತು, ಆಮೇಲೆ ಕೆಂಪು, ಆಮೇಲೆ ಬೆಳ್ಳಗೆ ಕಬ್ಬಿಣ. ಆರು ತಾಳಿಗೂ ಒಂದೊಂದು ಗೀರು. ನಮ್ಮನೆಯವರು ಅವು ಮತ್ತೆ ಅದಲುಬದಲಾಗದಂತೆ ಒಂದರಿಂದ ಆರರ ತನಕ ಅಂಕಿ ಕೊರೆದರು. ನಾನು ಹಾಕಿದ ಗೀರು ಸರಿಯಾದ ಕಡೆ ಇದೆಯೋ, ಒಂದು ಮಳೆಯ ದಯೆಯಿಂದ ಸರಿಯಾಗಿ ಕಂಡಿತೋ, ನನಗೆ ಈಗಲೂ ತಿಳಿಯದು.

"ಎರಿದು?" ಎಂದು ಕೇಳಿದೆ.

"ಅದನ್ನ ಬರೋ ವರ್ಷ ನೋಡೂಣು," ಅಂದಳು ಅಕ್ಕ.

ದೀಪ ಹಚ್ಚುವ ಹೊತ್ತಿಗೆ ಭಾವನ ಫೋನು ಬಂತು. ಯಾವುದೋ ಊರಿನ ಅಡವಿಯಿಂದ, ಕುರಿಗಳ ದನಿ ಹಿಂದೆ ಕೇಳುತ್ತಿತ್ತು. ಅಕ್ಕ ಒಂದೇ ಮಾತು ಹೇಳಿದಳು: "ನಾಟ್ಯಾವು." ಎಷ್ಟು, ಎಲ್ಲಿ ಎಂದು ಅವನು ಕೇಳಿದನೋ ಏನೋ. "ಹೊಲಕ್ಕ ಹೊಲಾನ ಎದ್ದಾವ ಬಿಡ್ರಿ," ಅಂದು ಫೋನು ಇಟ್ಟಳು. ನಾನು ಅವಳ ಮುಖ ನೋಡಿದೆ. ಅವಳು ಒಲೆಯ ಕಡೆ ತಿರುಗಿದಳು.

ಊಟಕ್ಕೆ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ನಮ್ಮನೆಯವರು ನಾಲ್ಕು ರೊಟ್ಟಿ ಉಂಡರು, ನಾನು ಎರಡು. ಅಕ್ಕ ಮೂರು ಉಂಡು, ಎರಡು ಬಟ್ಟಲು ಮಜ್ಜಿಗೆ ಕುಡಿದು, ಜೋಳದ ಚೀಲಕ್ಕೆ ಒರಗಿ, ನಾಳೆ ಎಳೆಯಬೇಕಾದ ಮುಳ್ಳುಕಂಟಿ ಯಾರ ಬೇಲಿಯಿಂದ ತರಬೇಕೆಂದು ಹೇಳುತ್ತಿದ್ದಳು. ಅರ್ಧಕ್ಕೆ ದನಿ ನಿಂತಿತು. ಬಿತ್ತಿದ ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲವೆಂದು ಸಂಜೆಯೇ ಅಂದಿದ್ದಳು. ತಲೆಯ ಕೆಳಗೆ ಕೌದಿ ಮಡಚಿಟ್ಟೆ, ಎಚ್ಚರವಾಗಲಿಲ್ಲ. ಆಮೇಲೆ ನಮ್ಮನೆಯವರು ಮಲಗಿದರು. ನಾನು ಇನ್ನೂ ಎದ್ದೇ ಇದ್ದೇನೆ, ಇದನ್ನು ಬರೆಯುತ್ತ.